ಮೀಟಿಂಗಿಗೆ ಹೋಗಬೇಕು, ಆದರೆ ನನ್ನ ಬೈಕಿನ ಗುರುತು ಊರಿಗೆಲ್ಲ ಇದೆ

ಕಾಫಿರೈಟರ್ · ಜುಲೈ 24, ರಾತ್ರಿ 11.40

ನಮಸ್ಕಾರ. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಹಾಜರಿ, ಕೂಲಿಯ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ವಯಸ್ಸು 46. ಕುಡಿತ ಬಿಡಬೇಕು. ಈ ಎರಡು ಪದ ಬರೆಯುವುದಕ್ಕೆ ಮೂರು ರಾತ್ರಿ ಹಿಡಿಯಿತು.

ಮೊದಮೊದಲು ಭಾನುವಾರ ಮಾತ್ರ ಇತ್ತು. ಆಮೇಲೆ ಮಳೆ ಹಿಡಿದಾಗಲೆಲ್ಲ ಆಯಿತು. ನಮ್ಮ ಕಡೆ ಮಳೆ ಹಿಡಿದರೆ ನಾಲ್ಕು ತಿಂಗಳು. ಈಗ ಮಳೆಯೂ ಬೇಕಾಗಿಲ್ಲ, ಭಾನುವಾರವೂ ಬೇಕಾಗಿಲ್ಲ. ಬೆಳಿಗ್ಗೆ ಹಾಜರಿ ಪುಸ್ತಕ ತೆರೆದರೆ ಕೈ ನಡುಗುತ್ತದೆ; ಒಂದು ಗುಟುಕು ಒಳಗೆ ಹೋದ ಮೇಲೆ ಅಕ್ಷರ ನೆಟ್ಟಗಾಗುತ್ತದೆ. ಹೋದ ವಾರದ ಬಟವಾಡೆಯಲ್ಲಿ ಲೈನ್ ಮನೆಯ ಒಬ್ಬ ಹೆಂಗಸಿನ ಎರಡು ದಿನದ ಕೂಲಿಯನ್ನು ತಪ್ಪಿಸಿ ಬರೆದಿದ್ದೆ. ಆಕೆ ಕೇಳಲಿಲ್ಲ. ನನ್ನ ಮುಖ ನೋಡಿದಳು, ಹಣ ಎಣಿಸಿಕೊಂಡಳು, ಹೋದಳು. ಮೂರು ದಿನದ ನಂತರ ಲೆಕ್ಕ ಕೂಡಿಸುವಾಗ ನನಗೇ ಗೊತ್ತಾಗಿ ಕೊಟ್ಟು ಬಂದೆ. ಆ ನೋಟ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಎರಡು ವರ್ಷದ ಹಿಂದೆ ಪಾಡಿ ಇಗ್ಗುತ್ತಪ್ಪ ದೇವರ ಮುಂದೆ ಆಣೆ ಮಾಡಿ ಬಂದಿದ್ದೆ. 19 ದಿನ ನಡೆಯಿತು. ಆಣೆ ಮುರಿದ ಭಯಕ್ಕೆ ಆಮೇಲೆ ಇನ್ನೂ ಹೆಚ್ಚು ಕುಡಿದೆ.

ಎ.ಎ. ಮೀಟಿಂಗ್ ಎಂದು ಕೇಳಿದ್ದೇನೆ; ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರ ಕೂಟ. ಅದನ್ನು ಹುಡುಕುವುದು ಹೇಗೆ? ಅಲ್ಲಿ ಏನು ಮಾಡಿಸುತ್ತಾರೆ? ಇನ್ನೊಂದು ವಿಷಯ: ಇದು ಬೆಂಗಳೂರಲ್ಲ. ಗೋಣಿಕೊಪ್ಪದಲ್ಲಿ ಬೈಕ್ ನಿಲ್ಲಿಸಿದರೆ ವಿರಾಜಪೇಟೆಯಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಮಾಲೀಕರಿಗೆ ತಿಳಿದರೆ ಕೆಲಸದ ಗತಿ ಏನು?

ಹಳೆಯ ಸುಬೇದಾರ್ · ಜುಲೈ 25, ಬೆಳಿಗ್ಗೆ 5.50

ತಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಕುಡಿಯದೆ 11 ವರ್ಷವಾಯಿತು. ಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ಮಾಡಲು ಕೆಲಸವಿರಲಿಲ್ಲ, ಕ್ಯಾಂಟೀನಿನ ರಮ್ ಇತ್ತು. ನನ್ನ ಪಾಲು ಮುಗಿದರೆ ಕುಡಿಯದ ಸ್ನೇಹಿತರ ಪಾಲು ಇತ್ತು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಲ್ಲಿರಿ.

ಹುಡುಕುವ ದಾರಿ ಹೇಳುತ್ತೇನೆ. ಎ.ಎ. ಇಂಡಿಯಾದ ಜಾಲತಾಣದಲ್ಲಿ ಊರೂರಿನ ಮೀಟಿಂಗುಗಳ ಪಟ್ಟಿ ಇದೆ, ಸಹಾಯವಾಣಿಯ ಸಂಖ್ಯೆಯೂ ಇದೆ. ಪಟ್ಟಿಯನ್ನಷ್ಟೇ ನಂಬಿ ಹೊರಡಬೇಡಿ. ಜಾಗ ಬದಲಾಗಿರುತ್ತದೆ, ವಾರ ಬದಲಾಗಿರುತ್ತದೆ, ಮಳೆಗಾಲದಲ್ಲಿ ಸಮಯವನ್ನು ಒಂದು ಗಂಟೆ ಹಿಂದಕ್ಕೆ ತಂದಿರುತ್ತಾರೆ. ಫೋನ್ ಮಾಡಿ. ನಿಮ್ಮ ಸಂಖ್ಯೆಯನ್ನು ಹತ್ತಿರದ ಒಬ್ಬ ಸದಸ್ಯನಿಗೆ ಕೊಡುತ್ತಾರೆ, ಅವನೇ ನಿಮಗೆ ಕರೆ ಮಾಡುತ್ತಾನೆ. ಅವನು ಸಂಬಳಕ್ಕೆ ಕೂತ ನೌಕರನಲ್ಲ. ಒಂದು ದಿನ ನಿಮ್ಮಂತೆಯೇ ಗಂಟಲು ಒಣಗಿ ಫೋನ್ ಹಿಡಿದುಕೊಂಡಿದ್ದವನು. ಹೆಸರು ಕೇಳಿದರೆ ಯಾವ ಹೆಸರಾದರೂ ಹೇಳಿ, ಯಾರೂ ಆಧಾರ್ ಕೇಳುವುದಿಲ್ಲ.

ನಿಮ್ಮ ಭಯ ನನಗೂ ಇತ್ತು. ಮೊದಲ ಎಂಟು ತಿಂಗಳು ಮಡಿಕೇರಿಯಿಂದ ಮೈಸೂರಿಗೆ, ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಕಣ್ಣಿನ ತಪಾಸಣೆ ಎಂದಿದ್ದೆ. ಎಂಟು ತಿಂಗಳು ಯಾರ ಕಣ್ಣಿನ ತಪಾಸಣೆ ನಡೆಯುತ್ತದೆ! ಹೆಂಡತಿಗೆ ಎರಡನೆಯ ವಾರವೇ ತಿಳಿದಿತ್ತು. ಬಸ್ಸಿಗೆ ಹೊರಡುವ ಹೊತ್ತಿಗೆ ಬುತ್ತಿ ಕಟ್ಟಿ ಕೈಗೆ ಕೊಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಆದ್ದರಿಂದ ಮೊದಲಿಗೆ ದೂರದ ಊರಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಮೈಸೂರು, ಮಂಗಳೂರು, ಬೆಂಗಳೂರು ಎಲ್ಲ ಕಡೆ ಮೀಟಿಂಗುಗಳಿವೆ. ನಮ್ಮ ಜಿಲ್ಲೆಯೊಳಗೆ ನಾನು ಈಗ ಹೋಗುವ ಮೀಟಿಂಗ್ ಯಾವ ಊರಿನಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಎಂಟು ಹತ್ತು ಜನ ಕೂರುವ ಜಾಗ; ಅವರ ಗುಟ್ಟು ಕಾಯುವುದು ನನ್ನ ಹೊಣೆ. ಖಾಸಗಿ ಸಂದೇಶ ಕಳುಹಿಸಿ.

ಅಲ್ಲಿ ಏನು ಮಾಡಿಸುತ್ತಾರೆ ಎಂದು ಕೇಳಿದ್ದೀರಿ. ಏನೂ ಮಾಡಿಸುವುದಿಲ್ಲ. ಶುಲ್ಕವಿಲ್ಲ. ಸದಸ್ಯನಾಗಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರಚಿಕಿತ್ಸಕ, ಎದುರುಬದುರು ಕೂತು ತಮ್ಮ ಕಥೆ ಹೇಳಿಕೊಂಡದ್ದರಿಂದ ಇದು ಶುರುವಾಯಿತು. ಭಾರತಕ್ಕೆ 1957ರಲ್ಲಿ ಬಂತು. ಇಂದಿಗೂ ಅಲ್ಲಿ ನಡೆಯುವುದು ಅದೇ, ಕೂತು ಕಥೆ ಹೇಳಿಕೊಳ್ಳುವುದು.

ರಾತ್ರಿಪಾಳಿ · ಜುಲೈ 25, ಬೆಳಿಗ್ಗೆ 8.15

ಸುಬೇದಾರ್ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ರೈಟರ್ ಅವರೇ, ಮೀಟಿಂಗಿಗೂ ಮೊದಲು ಒಂದು ಮಾತು ಕೇಳಿ. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ.

ಬೆಳಿಗ್ಗೆ ಕೈ ನಡುಗುತ್ತದೆ, ಕುಡಿದರೆ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ನಾಳೆಯಿಂದಲೇ ಬಿಟ್ಟೆ ಎಂದು ಮನೆಯಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಕೂರಬೇಡಿ. ಮೈ ಮದ್ಯಕ್ಕೆ ಒಗ್ಗಿಹೋಗಿದೆ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿ ಭ್ರಮಿಸುತ್ತದೆ. ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಂತೆ ಕಾಣುತ್ತವೆ, ಜ್ವರ ಬರುತ್ತದೆ, ಮೈಯೆಲ್ಲ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಮನೆಯವರು ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಮಂತ್ರ ಹಾಕಿಸಿ, ಮೂರನೆಯ ದಿನ ಜೀಪಿನಲ್ಲಿ ಮಲಗಿಸಿ ಕರೆತಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಹಿಂದೆ ಬಿಟ್ಟಾಗ ಏನಾಯಿತು, ಎಲ್ಲವನ್ನೂ ಸುಳ್ಳಿಲ್ಲದೆ ಹೇಳಿ. ನಡುಕ ತಡೆಯುವ ಮಾತ್ರೆಯನ್ನು ದಿನ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಬಿ1 ಜೀವಸತ್ವ ಕೊಡುತ್ತಾರೆ. ಆಸ್ಪತ್ರೆಗೆ ಬರುವ ಮೊದಲು ಯಾರ ಜೊತೆಗಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446.

ಮೈ ತಿಳಿಯಾದ ಮೇಲೆ ಮೀಟಿಂಗ್. ಆಸ್ಪತ್ರೆ ಒಂದು ವಾರದ ಕೆಲಸ ಮಾಡಿಕೊಡುತ್ತದೆ. ಮುಂದಿನ ವರ್ಷಗಳಿಗೆ ಸುಬೇದಾರ್ ಅಣ್ಣನಂತಹವರು ಬೇಕು.

ಏಲಕ್ಕಿಮಲೆ · ಜುಲೈ 25, ಮಧ್ಯಾಹ್ನ 2.30

ಸೋಮವಾರಪೇಟೆ ಕಡೆಯವಳು. ಕುಡಿಯುತ್ತಿದ್ದದ್ದು ನನ್ನ ಗಂಡ. ಇದನ್ನು ಓದುವ ಹೆಂಗಸರಿಗಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸಿದರೆ ಕುಡಿತ ಬಿಡಿಸುತ್ತದೆ ಎಂಬ ಪುಡಿಯನ್ನು ನಾನು ತರಿಸಿದ್ದೆ. ಒಂದು ರಾತ್ರಿ ಅವರು ಕುಡಿದು ಬಂದು ಉಂಡರು. ಅರ್ಧ ಗಂಟೆಯಲ್ಲಿ ಮುಖ ಕೆಂಡವಾಯಿತು, ವಾಂತಿ, ಉಸಿರು ಮೇಲಕ್ಕೆ. ಆಟೊದಲ್ಲಿ ಆಸ್ಪತ್ರೆಗೆ ಹೋಗುವಾಗ ನನ್ನ ಕೈಯಾರೆ ಕೊಂದೆ ಎಂದುಕೊಂಡೆ. ಬದುಕಿದರು. ಆದರೆ ನಾನು ಬಡಿಸಿದ ಅನ್ನವನ್ನು ನಂಬಿ ಉಣ್ಣಲು ಅವರಿಗೆ ಒಂದು ವರ್ಷ ಬೇಕಾಯಿತು.

ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟವಿದೆ, 1951ರಿಂದ ನಡೆದುಬಂದಿದೆ. ಗಂಡನನ್ನು ಬಿಡಿಸುವುದು ಹೇಗೆ ಎಂದು ಕಲಿಯಲು ಹೋದೆ. ಅಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನೀವು ರಾತ್ರಿ ಊಟ ಮಾಡುತ್ತೀರಾ, ನಿದ್ರೆ ಬರುತ್ತದೆಯೇ ಎಂದು ಕೇಳಿದರು. ಏಳು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ. ಅತ್ತುಬಿಟ್ಟೆ. ಗಂಡನಿಗಾಗಿ ಅವರ ಮಾಲೀಕರಿಗೆ ಸುಳ್ಳು ಹೇಳುವುದನ್ನು, ಬಾರಿನ ಸಾಲ ತೀರಿಸುವುದನ್ನು ನಿಲ್ಲಿಸಿದೆ. ಮೀಟಿಂಗಿಗೆ ಅವರು ಹೋದದ್ದು ಅದಾದ ಎಷ್ಟೋ ತಿಂಗಳ ಮೇಲೆ, ತಾವಾಗಿಯೇ.

ರಾತ್ರಿಪಾಳಿ · ಜುಲೈ 25, ಸಂಜೆ 6.05

ಅಕ್ಕಾ, ಅಂತಹ ಎಷ್ಟೋ ಪುಡಿಗಳಲ್ಲಿ ಏನಿದೆ ಎಂಬುದು ಮಾರುವವರಿಗೇ ತಿಳಿದಿರುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧ ಬೇರೆ. ಅದನ್ನು ವೈದ್ಯರು ಕೊಡುತ್ತಾರೆ, ಹಲವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಅದನ್ನು ತೆಗೆದುಕೊಂಡವರು ಕುಡಿದರೆ ನೀವು ಕಂಡದ್ದೇ ಆಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಆ ಅಪಾಯ ಉಳಿದಿರಬಹುದು. ಆದ್ದರಿಂದ ತೆಗೆದುಕೊಳ್ಳುವವನಿಗೆ ತಿಳಿದೇ, ಅವನು ಒಪ್ಪಿಯೇ ಕೊಡಬೇಕು. ಕದ್ದು ಕೊಡುವುದು ಔಷಧವೇ ಅಲ್ಲ.

ಶಿಬಿರದವನು · ಜುಲೈ 26, ರಾತ್ರಿ 9.20

ಎ.ಎ. ಒಂದೇ ದಾರಿ ಎಂದು ಯಾರೂ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ನಾನು ಬಿಟ್ಟದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ. ಎಂಟು ದಿನ ಸಮುದಾಯ ಭವನದಲ್ಲೇ ವಾಸ. ಬೆಳಿಗ್ಗೆ ಯೋಗ, ಭಜನೆ, ವೈದ್ಯರ ತಪಾಸಣೆ, ಆಪ್ತಸಮಾಲೋಚನೆ. ಒಂದು ದಿನ ಮನೆಯವರನ್ನು ಕರೆಸುತ್ತಾರೆ. ಅಷ್ಟು ಜನರ ಎದುರಿಗೆ ನನ್ನ ಮಗಳು ನನ್ನ ಪಕ್ಕ ಬಂದು ಕೂತದ್ದು ಇಂದಿಗೂ ಮೈ ಜುಮ್ಮೆನಿಸುತ್ತದೆ.

ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಇರುತ್ತದೆ. ಬಿಟ್ಟವರೇ ಸೇರಿಕೊಂಡು ಆಗಾಗ ಸಭೆ ನಡೆಸುತ್ತೇವೆ. 14 ತಿಂಗಳಾದ ಮೇಲೆ ನಾನು ಒಂದು ಮದುವೆಯಲ್ಲಿ ಜಾರಿದೆ. ಮಾರನೆಯ ದಿನ ಸಮಿತಿಯ ಇಬ್ಬರು ಮನೆಗೆ ಬಂದರು. ಬೈಯಲಿಲ್ಲ. ಗದ್ದೆಯಲ್ಲಿ ನಾಟಿ ಬಾಕಿ ಇತ್ತು. ಪಂಚೆ ಎತ್ತಿ ಕಟ್ಟಿ ನನ್ನ ಜೊತೆ ಇಳಿದರು.

ರೈಟರ್ ಅಣ್ಣನ ಭಯಕ್ಕೆ ನಮ್ಮದು ಎದುರು ದಾರಿ. ಶಿಬಿರಕ್ಕೆ ಸೇರಿದ್ದು ಊರಿಗೆಲ್ಲ ತಿಳಿಯುತ್ತದೆ, ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ. ನನಗೆ ಅದೇ ಅನುಕೂಲವಾಯಿತು. ಬಾರಿನವನೇ, ನೀನು ಶಿಬಿರಕ್ಕೆ ಹೋಗಿ ಬಂದವನಲ್ಲವೇ ಎಂದು ವಾಪಸು ಕಳುಹಿಸಿದ್ದುಂಟು. ಎಲ್ಲರಿಗೂ ಇದು ಹೊಂದುತ್ತದೆ ಎನ್ನಲಾರೆ.

ಬೆಟ್ಟದಾಚೆ · ಜುಲೈ 27, ಬೆಳಿಗ್ಗೆ 7.00

ಒಂದು ಪ್ರಶ್ನೆ. ಅಲ್ಲಿ ಭಜನೆ, ಇಲ್ಲಿ ಎ.ಎ.ಯವರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರು. ನಾನು ದೇವರನ್ನು ನಂಬುವವನಲ್ಲ. ನನಗೂ ಈ ಕುಡಿತದ ಕಾಟ ಇದೆ. ನನ್ನಂತಹವನು ಎಲ್ಲಿಗೆ ಹೋಗಬೇಕು?

ಹಳೆಯ ಸುಬೇದಾರ್ · ಜುಲೈ 27, ಬೆಳಿಗ್ಗೆ 9.30

ನೀವೂ ಬನ್ನಿ. ಹೆಜ್ಜೆಗಳಲ್ಲಿ ದೇವರ ಮಾತು ಇದೆ, ಇಲ್ಲವೆಂದು ಹೇಳಿ ನಿಮ್ಮನ್ನು ಕರೆಯುವುದಿಲ್ಲ. ಆದರೆ ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ನಮ್ಮಲ್ಲಿ ಚರ್ಚಿಗೆ ಹೋಗುವವರಿದ್ದಾರೆ, ಐದು ಹೊತ್ತು ನಮಾಜು ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಗುರುಕಾರೋಣ, ನಮ್ಮ ಒಕ್ಕದ, ಅಂದರೆ ಕುಲದ, ಮೂಲಪುರುಷ. ಕುಲದ ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ಬಾಡೆಯ ದೀಪದ ಮುಂದೆ ನಿಂತರೆ ನನಗಿಂತ ದೊಡ್ಡದೊಂದು ಇದೆ ಎನಿಸುತ್ತದೆ. ಅಷ್ಟು ನನಗೆ ಸಾಕಾಯಿತು. ಒಬ್ಬ ಮೇಷ್ಟ್ರು ಒಂಬತ್ತು ವರ್ಷದಿಂದ ಬರುತ್ತಿದ್ದಾರೆ, ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಂತಿರುತ್ತಾರೆ. ನನಗಿಂತ ದೊಡ್ಡದು ಈ ಕೋಣೆಯ ಹತ್ತು ಜನ ಎನ್ನುತ್ತಾರೆ. ಅವರನ್ನು ಯಾರೂ ತಿದ್ದಲು ಹೋಗಿಲ್ಲ.

ಮಂಜಿನ ಮನೆ · ಜುಲೈ 28, ರಾತ್ರಿ 1.10

ನಾನು ಹೆಂಗಸು. ಹೋಂಸ್ಟೇ ನಡೆಸುತ್ತೇನೆ. ಅತಿಥಿಗಳಿಗೆ ರುಚಿ ನೋಡಲು ಕೊಡುವ ಮನೆಯ ವೈನಿನಿಂದ ಶುರುವಾಯಿತು. ಗಂಡಸು ಕುಡಿದು ಬಿದ್ದರೆ ಎತ್ತಿ ಮನೆಗೆ ಬಿಡುತ್ತಾರೆ. ನನ್ನ ಬಗ್ಗೆ ತಿಳಿದರೆ ನನ್ನ ಮಕ್ಕಳ ಬಗ್ಗೆಯೂ ಮಾತನಾಡುತ್ತಾರೆ. ಆ ಹತ್ತು ಗಂಡಸರ ನಡುವೆ ನಾನು ಹೋಗಿ ಕೂರಲಾರೆ. ಜೂಮ್‌ನಲ್ಲಿ ಹೆಂಗಸರದೇ ಮೀಟಿಂಗ್ ಇದೆ ಎಂದು ಸಹಾಯವಾಣಿಯವರು ಹೇಳಿದರು. ವಾರಕ್ಕೆ ಎರಡು ಸಲ ಕ್ಯಾಮೆರಾ ಆರಿಸಿ ಕೇಳಿಸಿಕೊಳ್ಳುತ್ತೇನೆ. ಕರೆಂಟ್ ಹೋದರೆ ಟವರ್ ಹೋಗುತ್ತದೆ, ಅಂದು ಮಾತ್ರ ಕಷ್ಟ. ಇವತ್ತಿಗೆ 41 ದಿನ. ಎಲ್ಲಿಯೂ ಹೇಳಿರಲಿಲ್ಲ, ಇಲ್ಲಿ ಹೇಳಬೇಕೆನಿಸಿತು.

ಏಲಕ್ಕಿಮಲೆ · ಜುಲೈ 28, ಬೆಳಿಗ್ಗೆ 6.20

ತಂಗೀ, 41 ದಿನ! ಕರೆಂಟ್ ಹೋದ ರಾತ್ರಿ ನನ್ನ ಲ್ಯಾಂಡ್‌ಲೈನಿಗೆ ಕರೆ ಮಾಡು. ಸಂಖ್ಯೆ ಖಾಸಗಿಯಾಗಿ ಕಳುಹಿಸಿದ್ದೇನೆ.

ಕಾಫಿರೈಟರ್ · ಆಗಸ್ಟ್ 9, ರಾತ್ರಿ 10.15

ಇಷ್ಟು ದಿನ ಬರೆಯಲಾಗಲಿಲ್ಲ. ಎಲ್ಲರೂ ಕ್ಷಮಿಸಿ.

ಜುಲೈ 28ಕ್ಕೆ ಆಸ್ಪತ್ರೆಗೆ ಸೇರಿದೆ. ರಾತ್ರಿಪಾಳಿ ಅವರೇ, ಎರಡನೆಯ ರಾತ್ರಿ ಹಾಸಿಗೆಯೇ ಅಲುಗುವಂತೆ ನಡುಗಿದೆ. ಮನೆಯಲ್ಲಿದ್ದಿದ್ದರೆ ಖಂಡಿತ ಬಾಟಲಿ ಹುಡುಕುತ್ತಿದ್ದೆ. ಆಗಸ್ಟ್ 3ಕ್ಕೆ ಮನೆಗೆ ಬಂದೆ. ಅಂದು ಕಕ್ಕಡ ಹದಿನೆಂಟು, ನಮ್ಮ ಕಡೆ ಮದ್ದುಸೊಪ್ಪಿನ ಅಡುಗೆ ಮಾಡುವ ದಿನ. ಬಾಗಿಲಲ್ಲೇ ಮದ್ದುಸೊಪ್ಪಿನ ಪಾಯಸದ ವಾಸನೆ ಬಂತು. ಎಷ್ಟೋ ವರ್ಷಗಳ ನಂತರ ಆ ವಾಸನೆ ನನಗೆ ಪೂರ್ತಿಯಾಗಿ ಸಿಕ್ಕಿತು. ಮಾಲೀಕರಿಗೆ ಇದ್ದದ್ದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಜರಿ ಪುಸ್ತಕವನ್ನು ಈಚೆಗೆ ಎರಡು ತಿಂಗಳಿನಿಂದ ನಾನೇ ಒಮ್ಮೆ ತಿರುವಿ ನೋಡುತ್ತಿದ್ದೆ ಎಂದರು. ಅವರಿಗೆ ತಿಳಿಯಬಾರದೆಂದು ನಾನು ಹೆದರಿ ಸತ್ತಿದ್ದೆ.

ಆಗಸ್ಟ್ 7ಕ್ಕೆ ಮೀಟಿಂಗ್. ಬೈಕನ್ನು ಬಸ್ ನಿಲ್ದಾಣದ ಹತ್ತಿರ ಬಿಟ್ಟು, ಕೊಡೆಯನ್ನು ಮುಖದ ಮೇಲೆ ಬಾಗಿಸಿಕೊಂಡು ನಡೆದೆ. ಶಾಲೆಯೊಂದರ ಹಿಂಬದಿಯ ಕೋಣೆ. ಇಪ್ಪತ್ತು ನಿಮಿಷ ಹೊರಗೆ ಸೂರಿನ ಕೆಳಗೆ ನಿಂತೆ. ವಾಪಸು ಹೋಗುತ್ತಿದ್ದೆ; ಸುಬೇದಾರ್ ಅಣ್ಣ ಕೊಡೆ ಮಡಚುತ್ತಾ ಬಂದವರು, ಒಳಗೆ ಬನ್ನಿ, ಕಾಫಿ ಆರಿಹೋಗುತ್ತದೆ ಎಂದಷ್ಟೇ ಹೇಳಿದರು. ಮೊದಲ ಸಲ ಅವರನ್ನು ನೋಡಿದ್ದು. ಬೆಲ್ಲದ ಕಾಫಿ ಕೊಟ್ಟರು. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡೆ.

ಮಕ್ಕಳ ಬೆಂಚು, ಮೊಣಕಾಲು ಮಡಚಿ ಕೂರಲಾಗುವುದಿಲ್ಲ. ಬೋರ್ಡಿನ ಮೇಲೆ ಹನ್ನೆರಡರ ಮಗ್ಗಿ ಹಾಗೆಯೇ ಉಳಿದಿತ್ತು. ಅಲ್ಲಿ ನನಗೆ ಪರಿಚಯದ ಮುಖವೊಂದಿತ್ತು. ಯಾರು, ಏನು ಕೆಲಸ ಎಂದು ಬರೆಯುವುದಿಲ್ಲ. ಹದಿನೈದು ವರ್ಷದಿಂದ ವಾರಕ್ಕೊಮ್ಮೆಯಾದರೂ ಮಾತನಾಡಿಸುವವರು. ಅವರು ಕುಡಿಯುತ್ತಿದ್ದರು ಎಂದಾಗಲಿ, ಬಿಟ್ಟಿದ್ದಾರೆ ಎಂದಾಗಲಿ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಬೈಕಿನ ಗುರುತು ಹಿಡಿಯುವ ಈ ಊರಿನಲ್ಲಿ, ಆ ಕೋಣೆಯೊಳಗಿನ ಒಂದು ಮಾತೂ ಆಚೆಗೆ ಬಂದಿಲ್ಲ. ಇದನ್ನು ಯೋಚಿಸುತ್ತಾ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಒಬ್ಬರು ಪುಸ್ತಕದಿಂದ ಅರ್ಧ ಪುಟ ಓದಿದರು. ಆಮೇಲೆ ಒಬ್ಬೊಬ್ಬರೇ ಮಾತನಾಡಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕನ್ನಡ, ಕೊಡವ ತಕ್ಕ್, ಮಲಯಾಳ ಎಲ್ಲ ಬೆರೆತಿತ್ತು. ನನ್ನ ಸರದಿ ಬಂದಾಗ, ಬೇಕಾದರೆ ಸುಮ್ಮನಿರಬಹುದು ಎಂದರು. ಹೆಸರು ಹೇಳಿ, ಆ ಹೆಂಗಸಿನ ಎರಡು ದಿನದ ಕೂಲಿಯ ವಿಷಯ ಮಾತ್ರ ಹೇಳಿದೆ. ಯಾರೂ ತಲೆ ಅಲ್ಲಾಡಿಸಿ ಅಯ್ಯೋ ಎನ್ನಲಿಲ್ಲ. ಪಕ್ಕದವರು ತಮ್ಮ ತಾಯಿಯ ಓಲೆಯನ್ನು ಅಡವಿಟ್ಟು ಕುಡಿದ ಕಥೆ ಹೇಳಿದರು. ಡಬ್ಬಿ ಬಂದಾಗ ಜೇಬಿಗೆ ಕೈ ಹಾಕಿದೆ. ಹೊಸಬರು ಹಾಕಬೇಕಾಗಿಲ್ಲ ಎಂದು ಮುಂದಕ್ಕೆ ಸರಿಸಿದರು. ಬಾಡಿಗೆ, ಕಾಫಿಯ ಖರ್ಚು ಅದರಲ್ಲೇ ನಡೆಯುತ್ತದಂತೆ. ಹೊರಗಿನವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ. ಹೊರಡುವಾಗ ಚೀಟಿಯಲ್ಲಿ ಮೂರು ಫೋನ್ ಸಂಖ್ಯೆ ಬರೆದುಕೊಟ್ಟು, ಕುಡಿಯುವುದಕ್ಕೆ ಮೊದಲು ಕರೆ ಮಾಡಿ ಎಂದರು. ನಿನ್ನೆ ಸಂಜೆ ಒಂದಕ್ಕೆ ಮಾಡಿದೆ. ಮಳೆಯ ಬಗ್ಗೆ ಮಾತನಾಡಿದೆವು, ಒಳ್ಳೆಮೆಣಸಿನ ಬೆಲೆಯ ಬಗ್ಗೆ ಮಾತನಾಡಿದೆವು. ಹೊತ್ತು ಕಳೆಯಿತು.

ಕಾಫಿರೈಟರ್ · ಆಗಸ್ಟ್ 21, ರಾತ್ರಿ 9.50

ಮೂರನೆಯ ಮೀಟಿಂಗ್ ಮುಗಿಸಿ ಬಂದೆ. ಇಂದು ಒಬ್ಬರು 25 ನಿಮಿಷ ಮಾತನಾಡಿದರು, ಮನಸ್ಸು ನಿಲ್ಲಲಿಲ್ಲ. ಇದನ್ನೂ ಬರೆಯಬೇಕೆನಿಸಿತು, ಪ್ರತಿ ಸಲ ಎದೆ ತುಂಬಿ ಬರುತ್ತದೆ ಎಂದು ಯಾರೂ ಕಾಯಬಾರದು.

ಈಗ ಬೇರೆ ಚಿಂತೆ. ಸೆಪ್ಟೆಂಬರ್ 3ಕ್ಕೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಐನ್‌ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಗುರುಕಾರೋಣರಿಗೆ ಇಟ್ಟ ಮದ್ಯ ಪ್ರಸಾದವೆಂದು ಕೈಗೆ ಬರುತ್ತದೆ. ಬೇಡವೆಂದರೆ ಹಿರಿಯರಿಗೆ ಅವಮಾನ. ಹೋಗದೆ ಇರಲೇ?

ಹಳೆಯ ಸುಬೇದಾರ್ · ಆಗಸ್ಟ್ 22, ಬೆಳಿಗ್ಗೆ 5.40

ನಾನು ಮೊದಲ ವರ್ಷ ಹೋಗಲಿಲ್ಲ. ಮೈ ಹುಷಾರಿಲ್ಲ ಎಂದೆ. ಎರಡನೆಯ ವರ್ಷ ಹಿಂದಿನ ದಿನವೇ ಕುಟುಂಬದ ಹಿರಿಯರಾದ ಪಟ್ಟೆದಾರರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು, ಕಾರೋಣರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ನೀನು ಬೆರಳು ಅದ್ದಿ ಹಣೆಗೆ ಒತ್ತಿಕೊಂಡು ಮುಂದಿನವನಿಗೆ ಕೊಡು ಎಂದರು. ನಮ್ಮ ಒಕ್ಕದಲ್ಲಿ ಈಗ ಹಾಗೆ ಮಾಡುವವರು ನಾಲ್ವರು. ನಿಮ್ಮ ಮನೆಯ ಹಿರಿಯರನ್ನು ಮೊದಲೇ ಕಾಣಿ. ಪಂಕ್ತಿಯಲ್ಲಿ ಕೂತ ಮೇಲೆ ಹೇಳಲು ಹೋಗಬೇಡಿ. ಹೊಟ್ಟೆ ತುಂಬ ಉಂಡು ಹೋಗಿ, ಹಸಿದರೆ ಆಸೆ ಹೆಚ್ಚು. ಕೈಯಲ್ಲಿ ಸದಾ ಒಂದು ಲೋಟ ಮಜ್ಜಿಗೆಯೋ ನೀರೋ ಇರಲಿ. ಖಾಲಿ ಕೈ ಕಂಡರೆ ಯಾರಾದರೂ ತುಂಬುತ್ತಾರೆ. ಕತ್ತಲಾಗುವ ಮೊದಲು ಹೊರಟುಬಿಡಿ.

ಕಾಫಿರೈಟರ್ · ಸೆಪ್ಟೆಂಬರ್ 4, ಬೆಳಿಗ್ಗೆ 6.30

ಹೋಗಿ ಬಂದೆ. ದೊಡ್ಡಪ್ಪನಿಗೆ ಮೊದಲೇ ಹೇಳಿದ್ದೆ. ಅವರು ಏನೂ ಮಾತನಾಡದೆ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುವ ಕೆಲಸವನ್ನು ಈ ಸಲ ನನಗೆ ಕೊಟ್ಟರು. ಕೈ ನಡುಗಲಿಲ್ಲ. ಬೆರಳು ಅದ್ದಿ ಹಣೆಗೆ ಒತ್ತಿಕೊಂಡೆ, ತಮ್ಮನಿಗೆ ದಾಟಿಸಿದೆ. ಸಂಬಂಧಿಕರೊಬ್ಬರು ಎರಡು ಮಾತು ಹಂಗಿಸಿದರು, ನೋವಾಯಿತು. ಕಡಂಬುಟ್ಟು, ಹಂದಿ ಮಾಂಸ ಉಂಡು ನಾಲ್ಕು ಗಂಟೆಗೆ ಹೊರಟೆ. ದಾರಿಯಲ್ಲಿ ಬಾರಿನ ಮುಂದೆ ಬೈಕ್ ತಾನಾಗಿಯೇ ನಿಧಾನವಾದಂತೆ ಅನಿಸಿತು. ಸುಬೇದಾರ್ ಅಣ್ಣನಿಗೆ ಕರೆ ಮಾಡಿ, ಮನೆ ತಲಪುವವರೆಗೂ ಇಯರ್‌ಫೋನಿನಲ್ಲಿ ಅವರ ಮಾತು ಕೇಳುತ್ತಾ ಬಂದೆ.

ಬೆಟ್ಟದಾಚೆ · ಸೆಪ್ಟೆಂಬರ್ 4, ರಾತ್ರಿ 11.55

ಎಲ್ಲವನ್ನೂ ಓದುತ್ತಲೇ ಇದ್ದೇನೆ. ಮೊನ್ನೆ ಮತ್ತೆ ಬಿದ್ದೆ. ನಾನೂ ನಿಮ್ಮ ಕಡೆಯವನೇ. ಮೀಟಿಂಗಿನ ಹೊತ್ತಿಗೆ ನಮ್ಮೂರಿನಿಂದ ಬಸ್ ಇಲ್ಲ. ಒಬ್ಬನೇ ಬರುವ ಧೈರ್ಯವೂ ಇಲ್ಲ.

ಕಾಫಿರೈಟರ್ · ಸೆಪ್ಟೆಂಬರ್ 5, ಬೆಳಿಗ್ಗೆ 5.20

ಈ ವಾರ ನಮ್ಮ ಡಾಕ್ಟರ ಬಳಿ ಮೊದಲು ಹೋಗೋಣ, ಬೆಳಿಗ್ಗೆ ನಿಮಗೂ ಕೈ ನಡುಗುತ್ತದೆಯೇ ಎಂದು ತಿಳಿಸಿ. ಮೀಟಿಂಗಿನ ದಿನ ಸಂಜೆ ನಾಲ್ಕೂವರೆಗೆ ನಿಮ್ಮ ಬಸ್ ತಂಗುದಾಣದ ಹತ್ತಿರ ಬರುತ್ತೇನೆ. ಎಲ್ಲಿ ಎಂದು ಖಾಸಗಿಯಾಗಿ ಬರೆಯಿರಿ. ಬೈಕಿನ ಗುರುತು ನಿಮಗೆ ಈಗಾಗಲೇ ಇರಬಹುದು. ರೇನ್‌ಕೋಟ್ ಎರಡು ತರುತ್ತೇನೆ.